ಎಸ್ತೇರಮ್ಮ ಕೇಳಿದ ಅಂಗೈ

ಕರೋನಾ ಲಾಕ್‌ಡೌನ್‌ಗಳು ಮುಗಿದ ಮರುವರ್ಷ ನಾನು ಜಹೀರಾಬಾದಿನ ಒಂದು ಪುನರ್ವಸತಿ ಕೇಂದ್ರದಲ್ಲಿ ಹಿರಿಯ ಪ್ರಾಸ್ತೆಟಿಕ್ ಟೆಕ್ನಿಷಿಯನ್ ಆಗಿದ್ದೆ. ಕೈಕಾಲು ಕಳೆದುಕೊಂಡವರಿಗೆ ಕೃತಕ ಅಂಗ ತಯಾರಿಸಿ ಕೂಡಿಸುವುದು ನನ್ನ ಕೆಲಸ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಎಂಥ ಕೇಸು ಬಂದರೂ ನೋಡಿದ ಕೂಡಲೇ ಏನು ಬೇಕೆಂದು ಹೇಳಬಲ್ಲೆ ಎಂಬ ಹಮ್ಮು ನನಗಿತ್ತು.

ಬೇಸಿಗೆಯ ಒಂದು ದಿನ ತಾಂಡೂರಿನಿಂದ ಎಸ್ತೇರಮ್ಮ ಎಂಬಾಕೆ ಗಂಡ ದೇವಪ್ಪನ ಜೊತೆ ಬಂದಳು. ವಯಸ್ಸು ನಲವತ್ತರ ಆಸುಪಾಸು. ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಪಾಲಿಶ್ ಯಂತ್ರದ ಬೆಲ್ಟಿಗೆ ಸಿಕ್ಕು ಆಕೆಯ ಎಡಗೈ ಹೋಗಿತ್ತು. ಮಣಿಕಟ್ಟಿನಿಂದ ನಾಲ್ಕು ಬೆರಳಗಲ ಮೇಲಕ್ಕೆ ಕತ್ತರಿಸಿದ್ದರು. ಕಲ್ಲಿನ ಕೆಲಸಕ್ಕೆ ಸೇರುವ ಮೊದಲು ಆಕೆ ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅದೇ ಕೆಲಸಕ್ಕೆ ಮರಳಬೇಕೆಂಬ ಆಸೆ. ಖಾನಾವಳಿಯವರು ದಸರೆಯವರೆಗೆ ಜಾಗ ಇಡುತ್ತೇವೆ ಎಂದಿದ್ದರು.

ವಾಡಿಕೆಯಂತೆ ನಾನು ರಬ್ಬರ್ ಬೆರಳುಗಳಿರುವ, ನೋಡಲು ನಿಜದ ಕೈಯಂತೆಯೇ ಇರುವ ಮಾದರಿಯನ್ನು ತೋರಿಸಿದೆ. ಆಕೆ ಅದನ್ನು ತಿರುಗಿಸಿ ನೋಡಿ ಮೇಜಿನ ಮೇಲಿಟ್ಟಳು.

"ಚಂದ ಅದ ಸಾಬ್ರೆ. ಆದರ ನನಗ ಕೈ ಬ್ಯಾಡ್ರಿ, ಅಂಗೈ ಬೇಕು."

ಬಡಿಯುವುದನ್ನು ಬಲಗೈಯೊಂದರಿಂದಲೇ ಹೇಗೋ ಮಾಡಬಹುದು, ಆದರೆ ಬಡಿದ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕಲು ಎರಡು ಅಂಗೈ ಬೇಕು, ಇಲ್ಲದಿದ್ದರೆ ನಡುವೆಯೇ ಹರಿಯುತ್ತದೆ ಎಂದು ವಿವರಿಸಿದಳು. ಮೂವತ್ತು ವರ್ಷ ನಮ್ಮ ಮನೆಯಲ್ಲೂ ದಿನಾ ರೊಟ್ಟಿ ಎತ್ತುವುದನ್ನು ನೋಡಿದ್ದೆ. ಎಡಗೈ ಏನು ಮಾಡುತ್ತದೆಂದು ಒಮ್ಮೆಯೂ ಗಮನಿಸಿರಲಿಲ್ಲ.

ಅಳತೆ ತೆಗೆಯುವ ಮೊದಲು ಆಕೆ ಕಣ್ಣು ಮುಚ್ಚಿದಳು. ತಾಂಡೂರಿನ ಸಣ್ಣ ಚರ್ಚೊಂದಕ್ಕೆ ಹೋಗುವ ಕುಟುಂಬ ಅವರದು. ಪ್ರಾರ್ಥನೆ ಉದ್ದವಿರಲಿಲ್ಲ. "ಅಪ್ಪಾ, ಇವತ್ತಿಗಿ ಬೇಕಾದ್ದು ಇವತ್ತ ಕೊಡು. ನಾಳಿಂದು ನಾಳಿಗಿ ಕೇಳ್ತೀನಿ." ನಾನು ಲಿಂಗಪೂಜೆ ಮಾಡದೆ ಮನೆ ಬಿಡುವವನಲ್ಲ, ಪ್ರಾರ್ಥನೆ ನನಗೆ ಹೊಸದಲ್ಲ. ಆದರೂ ಸ್ವಲ್ಪ ಕೆಣಕುವಂತೆ, ದೇವರೇ ಕೊಡುವುದಾದರೆ ನನ್ನ ಹತ್ತಿರ ಯಾಕೆ ಬಂದೆಯೆಂದು ಕೇಳಿದೆ.

"ರೊಟ್ಟಿ ಅಂವ ಕೊಡ್ತಾನ್ರಿ," ಅಂದಳು. "ಬಡಿಯೋದು ನಾನೇ ಬಡೀಬೇಕಲ್ರಿ."

ಮೊದಲು ಸಾಕೆಟ್, ಅಂದರೆ ಉಳಿದ ಮುಂಗೈ ಕೂರುವ ಗೂಡು, ತಯಾರಾಯಿತು. ಅದರ ತುದಿಗೆ ಅಲ್ಯೂಮಿನಿಯಂ ತಗಡಿನ ಅಂಗೈ ಕೂಡಿಸಿದೆ. ಎಸ್ತೇರಮ್ಮ ಮನೆಯಿಂದ ಹಿಟ್ಟು, ಹಂಚು ತಂದಿದ್ದಳು. ನಮ್ಮ ವರ್ಕ್‌ಶಾಪಿನ ಗ್ಯಾಸ್ ಒಲೆಯೇ ಅಡುಗೆಮನೆಯಾಯಿತು. ಹಿಟ್ಟು ತಗಡಿಗೆ ಅಂಟಿಕೊಂಡಿತು. ಎರಡನೆಯ ಸಲ ಗಟ್ಟಿ ಪ್ಲಾಸ್ಟಿಕ್ಕಿನದು ಮಾಡಿದೆ. ಅದು ಬಾಗಲಿಲ್ಲ, ರೊಟ್ಟಿ ಅಂಚಿನಲ್ಲೇ ಹರಿಯಿತು. ಬಸ್ಸು ಹತ್ತಿ ಎರಡು ಸಲ ಬಂದು ಬರಿಗೈಲಿ ಹೋದಳು. ಮಳೆಗಾಲ ಮುಗಿಯುತ್ತ ಬಂದಿತ್ತು.

ಅದೇ ವಾರ ಕಲ್ಲಿನ ವ್ಯಾಪಾರಿಯೊಬ್ಬರು ನಮ್ಮ ಕೇಂದ್ರಕ್ಕೆ ಒಂದು ಎಲೆಕ್ಟ್ರಾನಿಕ್ ಕೈ ದಾನ ಮಾಡಲು ಮುಂದೆ ಬಂದರು. ಸ್ನಾಯುಗಳ ಸೂಚನೆ ಹಿಡಿದು ಬೆರಳು ಮಡಚುವ, ವಿದೇಶದಿಂದ ತರಿಸಿದ ಕೈ. ಅಂಥದ್ದನ್ನು ನಾನೇ ಅದುವರೆಗೆ ಮುಟ್ಟಿರಲಿಲ್ಲ. ಎರಡು ಸಲ ಸೋತಿದ್ದ ನನಗೆ ಅದು ದಾರಿಯಂತೆ ಕಂಡಿತು. ಎಸ್ತೇರಮ್ಮನಿಗೆ ಕೊಡಿಸುತ್ತೇನೆ ಎಂದೆ. ಇಷ್ಟು ಬೆಲೆಬಾಳುವುದು ಮನೆಗೆ ಮತ್ತೆ ಬರುವುದಿಲ್ಲ, ಬೇಡ ಅನ್ನಬೇಡ ಎಂದು ದೇವಪ್ಪನೂ ಅಂಗಲಾಚಿದ.

ಆಕೆ ಎರಡೇ ವಿಷಯ ಕೇಳಿದಳು: ನೀರು ಬಿದ್ದರೆ ನಡೆಯುತ್ತದೆಯೇ, ಹಿಟ್ಟು ಒಳಗೆ ಹೋದರೆ ಏನಾಗುತ್ತದೆ? ಎರಡೂ ಆಗಬಾರದು ಎಂದು ಒಪ್ಪಿಕೊಳ್ಳಬೇಕಾಯಿತು.

"ಹಂಗಾದ್ರ ಅದನ್ನ ಕಾಯಾಕೇ ನಾ ಒಬ್ಬಾಕಿ ಬೇಕಾಗ್ತೀನಿ," ಅಂದಳು. "ನಾ ದೇವರಿಗಿ ದೊಡ್ಡದು ಕೇಳಿಲ್ಲ ಸಾಬ್ರೆ. ದಿನದ ಕೆಲಸಕ್ಕ ಆಗೋದು ಕೇಳೀನಿ. ಇನ್ನೊಮ್ಮಿ ಮಾಡ್ರಿ, ಬರ್ತೀನಿ."

ದೇವಪ್ಪ ಮುಖ ತಿರುಗಿಸಿ ಕುಳಿತ. ನನಗೂ ಸಿಟ್ಟು ಬಂದಿತ್ತು, ನಿಜ ಹೇಳಬೇಕೆಂದರೆ ನಾಚಿಕೆಯೂ. ಎಡಗೈ ಕಳೆದುಕೊಂಡ ನಾರಾಯಣಖೇಡದ ಒಬ್ಬ ದರ್ಜಿ ಬಟ್ಟೆ ಹಿಡಿಯಲಾಗದೆ ಕಾಯುತ್ತಿದ್ದ. ದಾನಿಯ ಒಪ್ಪಿಗೆಯಿಂದ ಆ ಕೈ ಅವನಿಗೆ ಹೋಯಿತು.

ಅಂದು ಸಂಜೆ ಮನೆಯಲ್ಲಿ ಹೆಂಡತಿಯ ಪಕ್ಕ ಕುಳಿತು ಹತ್ತು ರೊಟ್ಟಿ ಎತ್ತುವುದನ್ನು ನೋಡಿದೆ. ಅಂಗೈ ಚಪ್ಪಟೆಯಾಗಿರುವುದಿಲ್ಲ, ನಡುವೆ ತುಸು ತಗ್ಗು. ಬೆರಳ ತುದಿ ಮೊದಲು ರೊಟ್ಟಿಯಡಿ ಜಾರುತ್ತದೆ. ಬಾಗುವ ಪ್ಲಾಸ್ಟಿಕ್ಕಾದ ಪಾಲಿಪ್ರೊಪಿಲೀನಿನ ತೆಳು ಹಾಳೆಯನ್ನು ಓವನ್ನಿನಲ್ಲಿ ಮೆತ್ತಗಾಗಿಸಿ ಅದೇ ತಗ್ಗು ಕೊಟ್ಟೆ, ಅಂಚನ್ನು ತೆಳುವಾಗಿ ಉಜ್ಜಿದೆ, ಹಿಟ್ಟು ಅಂಟದಂತೆ ಮೇಲೆ ಸಿಲಿಕೋನ್ ಪದರ ಹಚ್ಚಿದೆ.

ಮೂರನೆಯ ಸಲ ಆಕೆ ಪ್ರಾರ್ಥಿಸುವಾಗ ನಾನೂ ಕೈಯಲ್ಲಿದ್ದ ಉಳಿ ಕೆಳಗಿಟ್ಟು ನಿಂತೆ. ರೊಟ್ಟಿ ಎದ್ದಿತು, ಅಲ್ಲಾಡಿತು, ಹಂಚಿನ ಮೇಲೆ ಇಡಿಯಾಗಿ ಬಿತ್ತು. "ಆತು," ಎಂದಳು ಎಸ್ತೇರಮ್ಮ, ಅಷ್ಟೇ. ದೇವಪ್ಪ ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದ. ಮೊದಲ ರೊಟ್ಟಿಯನ್ನು ಮೂವರೂ ಹಂಚಿಕೊಂಡು ತಿಂದೆವು. ದಸರೆಗೆ ಇನ್ನೂ ಒಂಬತ್ತು ದಿನ ಇತ್ತು.

ಅಂದಿನಿಂದ ನಾನು ರೋಗಿಯ ಕೇಸ್ ಶೀಟಿನಲ್ಲಿ ಅಳತೆಗಿಂತ ಮೊದಲು ಒಂದು ಪ್ರಶ್ನೆ ಬರೆಯತೊಡಗಿದೆ: ದಿನಾ ಯಾವ ಕೆಲಸ ಮಾಡಬೇಕು? ಮುಂಜಾನೆಯ ಪೂಜೆಯಲ್ಲಿ ನಾನು ಕೇಳುವ ಪಟ್ಟಿಯೂ ಚಿಕ್ಕದಾಯಿತು.

ನಮ್ಮ ಕಸುಬಿನಲ್ಲಿ ಮಾಡಿಕೊಟ್ಟ ಅಂಗ ವರ್ಷ ಕಳೆದರೂ ಹೊಸದಾಗಿಯೇ ಇದೆಯೆಂದರೆ ನಾವು ಸೋತೆವೆಂದೇ ಅರ್ಥ; ಅದು ಬಳಕೆಯಾಗದೆ ಗೂಟಕ್ಕೆ ತೂಗುತ್ತಿರುತ್ತದೆ. ನಾನು ನಿವೃತ್ತನಾಗುವ ತಿಂಗಳು ಎಸ್ತೇರಮ್ಮ ಒಬ್ಬಳೇ ಬಂದು ಆ ಅಂಗೈಯನ್ನು ಮೇಜಿನ ಮೇಲಿಟ್ಟಳು. ಸಿಲಿಕೋನ್ ಕಿತ್ತು ಹೋಗಿತ್ತು, ಅಂಚು ಕಾವಿಗೆ ಕಂದಿತ್ತು, ಖಾನಾವಳಿಯ ರೊಟ್ಟಿ ಎತ್ತಿ ಎತ್ತಿ ನಡುವಿನ ತಗ್ಗು ಸವೆದು ಕಾಗದದಷ್ಟು ತೆಳುವಾಗಿತ್ತು.