ಅನುಮಯ್ಯ ಮತ್ತು ಹನುಮಯ್ಯ

ಯಶವಂತಪುರದಲ್ಲಿ ನನ್ನ ಛಾಪಾಕಾಗದದ ಮೇಜಿನ ಪಕ್ಕದಲ್ಲೇ ನಾಗಲಿಂಗಪ್ಪನ ಟೈಪ್‌ರೈಟರ್. ಗದಗದ ಕಡೆಯವನು. ಸಣ್ಣ ಅಂಗಡಿ, ಲೇತ್ ಶೆಡ್ಡುಗಳವರಿಗೆ ಲೈಸೆನ್ಸ್ ಅರ್ಜಿ, ವರ್ಷದ ರಿಟರ್ನು ತುಂಬಿಕೊಡುವುದು ಅವನ ಕಸುಬು. “ನಂದು ಒಂದ್ ಕಾಗದಾನೂ ವಾಪಸ್ ಬಂದಿಲ್ಲರಿ” ಎಂದು ದಿನಕ್ಕೆರಡು ಸಲ ಹೇಳದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ನನಗೆ ಕೇಳಿ ಕೇಳಿ ಸಾಕಾಗಿತ್ತು.

ಎಪ್ಪತ್ತೆಂಟರಲ್ಲಿ ಕೋಗಿಲು ಹಳ್ಳಿಯ ಹನುಮಯ್ಯ ಹಿಟ್ಟಿನ ಗಿರಣಿಗೆ ಲೈಸೆನ್ಸ್ ಬೇಕೆಂದು ಬಂದ. ಯಂತ್ರ ಆಗಲೇ ಬಂದು ಕೂತಿತ್ತು. ಊರಿನ ಹೆಂಗಸರು ರಾಗಿ ಹೊತ್ತು ಯಲಹಂಕಕ್ಕೆ ನಡೆಯುವುದು ತಪ್ಪಲಿ ಎಂದು ಅವನಿಗೆ ಆಸೆ. ಆ ತಿಂಗಳ ಮೂವತ್ತೊಂದರೊಳಗೆ ಲೈಸೆನ್ಸ್ ತೋರಿಸದಿದ್ದರೆ ಮಂಜೂರಾದ ಕರೆಂಟು ರದ್ದಾಗುತ್ತಿತ್ತು.

“ಹೆಸರೇನ್ರಿ?”

“ಅನುಮಯ್ಯ, ಸಾಮಿ.”

ನಮ್ಮ ಕಡೆಯ ಹಳ್ಳಿಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಗದಗದವನಿಗೆ ಅದೇನು ಗೊತ್ತು? ಕೇಳಿದ ಹಾಗೇ ಟೈಪ್ ಮಾಡಿ, ಹೆಬ್ಬೆಟ್ಟು ಒತ್ತಿಸಿಕೊಂಡ. ಜಾಗದ ಪತ್ರದಲ್ಲಿ ಹನುಮಯ್ಯ ಎಂದಿತ್ತು. ಮಹಾನುಭಾವ ಅದನ್ನು ಓದದೆ ಪಿನ್ ಚುಚ್ಚಿದ.

ಇಪ್ಪತ್ತೆಂಟನೇ ತಾರೀಕು ಹನುಮಯ್ಯ ಲೈಸೆನ್ಸ್ ಕಚೇರಿಯ ಕಾಗದ ಹಿಡಿದು ಬಂದ. ಅರ್ಜಿದಾರ ಅನುಮಯ್ಯ, ಜಾಗದ ಮಾಲೀಕ ಹನುಮಯ್ಯ. ಇಬ್ಬರ ಪಾಲುದಾರಿಕೆ ಪತ್ರ ಹಾಜರುಪಡಿಸತಕ್ಕದ್ದು.

“ಆ ಇನ್ನೊಬ್ಬ ಯಾರು ಸಾಮಿ?” ಎಂದ ಹನುಮಯ್ಯ.

ನಾಗಲಿಂಗಪ್ಪನ ಮುಖ ಬಿಳಿಚಿತು. ನನಗೆ ನಗು ಒತ್ತರಿಸಿ ಬಂದರೂ ಹನುಮಯ್ಯನ ಕಂಗಾಲು ಮುಖ ನೋಡಿ ನುಂಗಿಕೊಂಡೆ.

ಇಬ್ಬರೂ ಒಬ್ಬನೇ ಎಂದು ಅಫಿಡವಿಟ್ ಕೊಡಬೇಕಿತ್ತು. “ಅವ್ನೇ ತಪ್ಪಾಗ್ ಹೇಳ್ದ ಅಂತ ಬರಿ ಗುರು, ನಿನ್ ಮಾನ ಉಳಿಯುತ್ತೆ” ಎಂದೆ.

“ಅಂವಾ ತನ್ನ ಹೆಸರು ಸರಿಯಾಗೇ ಹೇಳ್ಯಾನ್ರಿ. ಕೇಳಿದಾಂವ ನಾ.” ತಪ್ಪು ಟೈಪ್ ಮಾಡಿದವನದು ಎಂದೇ ಬರೆದು ಕೆಳಗೆ ರುಜು ಹಾಕಿದ. ನನಗೆ ನಾಚಿಕೆಯಾಯಿತು.

ಮರುದಿನ ಮೂವರೂ ಕಚೇರಿಗೆ ಹೋದೆವು. ಅಧಿಕಾರಿ ಅಫಿಡವಿಟ್ ಓದಿ ತಲೆಯೆತ್ತಿದರು.

“ನಿಮ್ ಹೆಸ್ರು ಹೇಳಿ.”

“ಅನುಮಯ್ಯ, ಸಾಮಿ.”

ಅಧಿಕಾರಿ ನಕ್ಕುಬಿಟ್ಟರು. “ನಮ್ಮಪ್ಪಾನೂ ಸಾಯೋವರ್ಗೂ ದೇವ್ರನ್ನ ಅನುಮಂತ್ರಾಯ ಅಂತಾನೇ ಕರೆದ್ರು” ಎನ್ನುತ್ತ ಲೈಸೆನ್ಸಿಗೆ ಮೊಹರು ಒತ್ತಿದರು.

ಹೊರಗೆ ಬಂದವನೇ ನಾಗಲಿಂಗಪ್ಪ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡ. ಹಿಂದಿನ ದಿನದಿಂದ ಹಿಡಿದಿದ್ದ ಉಸಿರು ಆಗ ಬಿಟ್ಟ. ನನಗೂ ಎದೆ ಹಗುರಾಯಿತು.

ಹನುಮಯ್ಯ ಲೈಸೆನ್ಸನ್ನು ಮಡಿಚಿ ಜೇಬಿಗಿಟ್ಟುಕೊಂಡು, ಸಂಕೋಚದಿಂದ ಕೇಳಿದ: “ಇನ್ಮೇಲೆ ನನ್ನೆಸ್ರು ಎಂಗೆ ಯೋಳ್ಬೇಕು ಸಾಮಿ?”

“ನೀವು ಹೆಂಗ ಹೇಳ್ತೀರೋ ಹಂಗ ಹೇಳ್ರಿ ಯಜಮಾನ್ರ” ಎಂದ ನಾಗಲಿಂಗಪ್ಪ. “ಕೇಳೂದು ಕಲೀಬೇಕಾದಾಂವ ನಾ.”