ಟೇಲರ್ ಅಕ್ಕನ ಆಣೆ

ಹೋದ ವಾರ ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿಯಲ್ಲಿ ಸೀರೆಗೆ ಜಂಪರ್ ಹೊಲಿಯಲು ಕೊಡಲು ಹೋಗಿದ್ದೆ. ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಹೊಲಿಗೆ ಮಷೀನಿನ ಎಣ್ಣೆಯ ವಾಸನೆ, ಅದರ ಜೊತೆಗೆ ಹೊಸ ಬಟ್ಟೆಯ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಟೇಪು ಹಿಡಿದು ಬಂದ ಹುಡುಗಿ ಏನೋ ಕೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ. ನಾನಾಗಲೇ ಮಾನ್ವಿಯ ನಮ್ಮ ಓಣಿಯಲ್ಲಿ, ಎದುರು ಮನೆಯ ಟೇಲರ್ ಅಕ್ಕನ ಪಡಸಾಲೆಯಲ್ಲಿದ್ದೆ...

ಅಕ್ಕನ ತವರು ದೇವದುರ್ಗ. ಗಂಡ ಬಸ್ ಕಂಡಕ್ಟರ್. ಇಡೀ ದಿನ ಬಸ್ಸಿನಲ್ಲಿ ಕೂಗಿ ಕೂಗಿ ಸಾಕಾಗಿ ಮನೆಯಲ್ಲಿ ಬಾಯಿಯೇ ತೆರೆಯದ ಮನುಷ್ಯ. ಆ ಮನೆಯ ಮಾತೆಲ್ಲ ಅಕ್ಕನ ಪಾಲಿಗೇ ಬಂದಿತ್ತು. ನಮ್ಮ ಓಣಿಯ ಹೆಂಗಸರ ಮೈ ಅಳತೆ, ಮನೆಯ ಸಂಗತಿ ಎರಡೂ ಆಕೆಗೆ ಬಾಯಿಪಾಠ. ಕೈಯೇನೋ ಚೊಕ್ಕ, ಆದರೆ ಒಂದು ದೊಡ್ಡ ಗುಣವಿತ್ತು: ತನ್ನ ತಪ್ಪನ್ನು ಸತ್ತರೂ ಒಪ್ಪುತ್ತಿರಲಿಲ್ಲ. ಜಂಪರ್ ಬಿಗಿಯಾಗಿದೆ ಎಂದು ಹೋದರೆ, ಕನ್ನಡಕದ ಮೇಲಿನಿಂದ ನೋಡಿ, “ಅಳತಿ ತಪ್ಪಿಲ್ಲವ್ವಾ, ನಿನ್ನ ಮೈ ಬೆಳದದ” ಎನ್ನುತ್ತಿದ್ದಳು. ಸಡಿಲವಾಗಿದೆ ಎಂದರೆ, “ಊಟ ಬಿಟ್ಟೀಯೇನು?” ಎನ್ನುವಳು. ಬೈದುಕೊಳ್ಳುತ್ತಲೇ ಎಲ್ಲರೂ ಮತ್ತೆ ಆಕೆಯ ಹತ್ತಿರವೇ ಹೋಗುತ್ತಿದ್ದೆವು.

ನಾನು ಕಾಲೇಜಿಗೆ ಹೋಗುತ್ತಿದ್ದಾಗ ನಮ್ಮ ವಾರ್ಡು ಪುರಸಭೆ ಚುನಾವಣೆಯಲ್ಲಿ ಮಹಿಳೆಯರಿಗೆ ಮೀಸಲಾಯಿತು. ಅಕ್ಕಿ ಗಿರಣಿಯ ಮನೆತನದವರು ತಮ್ಮ ಸೊಸೆಯನ್ನು ನಿಲ್ಲಿಸಿದರು. ಓಣಿಯವರೆಲ್ಲ ಆಕೆಯನ್ನು ಗಿರಣಿ ವೈನಿ, ಅಂದರೆ ಗಿರಣಿ ಅತ್ತಿಗೆ, ಎನ್ನುತ್ತಿದ್ದರು. ನಲ್ಲಿ ನೀರಿನ ಜಗಳದಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡುವವಳು ಅಕ್ಕನೇ ಆದ್ದರಿಂದ ಓಣಿಯವರು ಅಕ್ಕನನ್ನು ನಿಲ್ಲಿಸಿದರು. ತಮಾಷೆಯೆಂದರೆ, ವೈನಿಯ ಜಂಪರುಗಳನ್ನು ಹೊಲಿಯುವವಳೂ ಅಕ್ಕನೇ. ಪ್ರಚಾರದ ನಡುವೆಯೇ ವೈನಿ ಅಳತೆ ಕೊಡಲು ಬಂದು ಹೋದರು. ಅಕ್ಕ ಹೊಲಿದೂ ಕೊಟ್ಟಳು. ಅದು ಬಿಗಿಯಾಯಿತೋ ಸಡಿಲವಾಯಿತೋ ವೈನಿ ಮಾತ್ರ ಬಾಯಿ ಬಿಡಲಿಲ್ಲ.

ನಮ್ಮ ಕಡೆ ಮತದಾನದ ಹಿಂದಿನ ದಿನ ಒಂದು ರೂಢಿಯಿತ್ತು. ಅಭ್ಯರ್ಥಿಯ ಕಡೆಯವರು ತಾಟಿನಲ್ಲಿ ದೇವರ ಭಂಡಾರ, ಅಂದರೆ ಗುಡಿಯ ಅರಿಶಿನ ಪುಡಿ, ಹಿಡಿದು ಮನೆಮನೆಗೆ ಬರುತ್ತಿದ್ದರು. ಮತದಾರರು ಅದರಲ್ಲಿ ಕೈಯಿಟ್ಟು ‘ನಿಮಗೇ ಹಾಕುತ್ತೇವೆ’ ಎಂದು ಆಣೆ ಮಾಡಬೇಕು. ಅಕ್ಕನ ತಮ್ಮ, ದೇವದುರ್ಗದಲ್ಲಿ ಟಂಟಂ ಓಡಿಸುತ್ತಿದ್ದವನು, ಅಕ್ಕನ ಚುನಾವಣೆಗೆಂದೇ ಬಾಡಿಗೆ ಬಿಟ್ಟು ಗಾಡಿ ತಂದಿದ್ದ. ನೀರಮಾನ್ವಿಯ ಎಲ್ಲಮ್ಮನ ಗುಡಿಗೆ ಹೋಗಿ ಭಂಡಾರ ತಂದು ತಾಟು ಸಜ್ಜು ಮಾಡಿಯೇಬಿಟ್ಟಿದ್ದ. ಅಕ್ಕ ಕಟ್ಟೆಯ ಮೇಲೆ ನಿಂತು ತಾಟು ಕಸಿದುಕೊಂಡಳು.

“ಹಾಕೋರು ಯಾಕ ಆಣಿ ಮಾಡ್ಬೇಕಲೇ? ಅವರು ತಮ್ಮ ಮನಸಿಗೆ ಬಂದೋರಿಗೆ ಹಾಕ್ತಾರ. ಆಣಿ ಮಾಡೋರು ನಿಂತೋರು,” ಎಂದು ಭಂಡಾರದಲ್ಲಿ ಕೈಯೂರಿದಳು. “ಸೋತ್ರ ಸೋತೀನಿ ಅಂತೀನಿ. ಯಾರ ಮ್ಯಾಲೂ ಗೂಬಿ ಕೂಡ್ಸಂಗಿಲ್ಲ.”

ಓಣಿ ನಕ್ಕಿತು. ಒಂದು ಜಂಪರಿನ ಅಳತೆ ತಪ್ಪಿದ್ದನ್ನು ಒಪ್ಪದವಳು ಸೋಲನ್ನು ಒಪ್ಪುತ್ತಾಳಂತೆ! ಶಾಲಾ ಮಾಸ್ತರರಾಗಿದ್ದ ನಮ್ಮಪ್ಪ ಮಾತ್ರ ನಗದೆ, “ಹಂಗಂದ್ರ ಮೋಸ ಆದ್ರೂ ಒಪ್ಪಿಕೊಳ್ತೀಯೇನವಾ? ಅದೂ ತಪ್ಪೇ” ಎಂದರು. ಅಕ್ಕ ಅವರ ಕಡೆ ತಿರುಗಿದಳು. ಕೈ ಇನ್ನೂ ಭಂಡಾರದಲ್ಲೇ ಇತ್ತು.

“ಮೋಸ ಕಣ್ಣಿಗಿ ಬಿದ್ರ ಅರ್ಜಿ ಕೊಡ್ತೀನ್ರಿ ಮಾಸ್ತರ. ಬೀಳಲಿಲ್ಲಂದ್ರ ಬಾಯಿ ಮುಚ್ಕೊಂಡು ಮಷೀನ್ ತುಳೀತೀನಿ. ಕುಣಿಯಾಕ ಬರಲಾರದಾಕಿ ಅಂಗಳ ಡೊಂಕು ಅಂದ್ಲಂತ, ಹಂಗ ಅನ್ನಾಕಿ ಅಲ್ಲ ನಾ.”

ನೀವೂ ಆಣೆ ಮಾಡಿ ಎಂದು ಗಿರಣಿ ಮನೆಗೂ ಹೇಳಿ ಕಳಿಸಿದಳು. ಗೆಲ್ಲುವವರು ಸೋಲಿನ ಆಣೆ ಯಾಕೆ ಮಾಡಬೇಕು ಎಂದು ಅಲ್ಲಿಂದ ನಗೆಯೇ ಉತ್ತರವಾಗಿ ಬಂತು.

ಎಣಿಕೆಯ ದಿನ ಆದದ್ದನ್ನು ಇಂದಿಗೂ ನಂಬಲಾಗುವುದಿಲ್ಲ. ಇಬ್ಬರಿಗೂ ಸಮ ಮತ. ಮತ್ತೆ ಎಣಿಸಿದರು, ಆಗಲೂ ಸಮ. ಕಾನೂನಿನಂತೆ ಚೀಟಿ ಎತ್ತಬೇಕಾಯಿತು. ಅಭ್ಯರ್ಥಿಗಳಿಬ್ಬರ ಮುಂದೆಯೇ ಹೆಸರು ಬರೆದು, ಮಡಚಿ, ಡಬ್ಬಿಗೆ ಹಾಕಿ, ಕಚೇರಿಯ ಜವಾನನ ಕೈಯಿಂದ ಎತ್ತಿಸಿದರು. ವೈನಿಯ ಹೆಸರು ಬಂತು. ಆವರೆಗೆ ನಮ್ಮ ಜೊತೆ ನಿಂತಿದ್ದ ಕೆಲವರು ಆ ಗಳಿಗೆಯಲ್ಲೇ ಗೆದ್ದೆತ್ತಿನ ಬಾಲ ಹಿಡಿದು ಗಿರಣಿಯ ಕಡೆ ನಡೆದರು.

ಅಕ್ಕ ಮನೆಗೆ ಬಂದು ಇನ್ನೂ ನೀರು ಕುಡಿದಿರಲಿಲ್ಲ, ಆಕೆಯ ತಮ್ಮ ಜನ ಕಟ್ಟಿಕೊಂಡು ಬಂದ. ವೈನಿಯ ಚೀಟಿಯ ಮೂಲೆ ಹರಿದು ಗುರುತು ಮಾಡಿದ್ದರಂತೆ. ತಾನು ಹೊರಗಿನ ಕಿಟಕಿಯಿಂದ ನೋಡಿದನಂತೆ. ಪೋತ್ನಾಳದ ಹತ್ತಿರ ರಸ್ತೆ ಬಂದ್ ಮಾಡಲು ಗಾಡಿಗಳೂ ಸಿದ್ಧವಾಗಿದ್ದವು. ಅಕ್ಕ ಒಂದು ಮಾತು ‘ಹೂಂ’ ಎಂದಿದ್ದರೆ ಸಾಕಿತ್ತು. ಎಲ್ಲರೂ ಆಕೆಯ ಮುಖವನ್ನೇ ನೋಡುತ್ತಿದ್ದೆವು.

“ನಾ ಒಳಗ ಮೇಜಿನ ಮುಂದ ಇದ್ದೆ. ನನಗ ಎರಡೂ ಚೀಟಿ ಒಂದ ತರಾ ಕಂಡ್ವು,” ಎಂದಳು. ಆಮೇಲೆ ದೇವರ ಜಗಲಿಯ ಮೇಲಿದ್ದ ಭಂಡಾರದ ತಾಟನ್ನು ತಂದು ತಮ್ಮನ ಮುಂದೆ ಹಿಡಿದಳು. “ನೀ ನೋಡಿದ್ದು ಖರೇ ಇದ್ರ ಇದ್ರಾಗ ಕೈ ಇಟ್ಟು ಹೇಳು ತಮ್ಮಾ. ನಿನ್ಗಿಂತ ಮುಂದ ನಾ ಹೋಗಿ ಅರ್ಜಿ ಕೊಡ್ತೀನಿ.”

ತಮ್ಮ ತಾಟನ್ನು ನೋಡಿದ. ಅವನ ಮುಖ ಕೆಂಪೇರಿತು. “ಒಡಹುಟ್ಟಿದಾಂವನ ಮಾತಿಗಿ ಆಣಿ ಕೇಳ್ತೀಯಲ್ಲ ಅಕ್ಕಾ. ಇನ್ನ ನಿನಗ ತವರು ಇಲ್ಲ ಅಂತ ತಿಳ್ಕೊ,” ಎಂದವನೇ ಹೊರಟುಬಿಟ್ಟ. ಟಂಟಂ ಸದ್ದು ಓಣಿಯ ತಿರುವಿನಲ್ಲಿ ಮರೆಯಾಗುವವರೆಗೂ ಅಕ್ಕ ತಾಟು ಹಿಡಿದೇ ನಿಂತಿದ್ದಳು. ಆಕೆ ಅವನ ಜೊತೆ ಅಷ್ಟು ಕಠಿಣವಾಗಬಾರದಿತ್ತೇನೋ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಜನರೆದುರು ಬೇಡವಾಗಿತ್ತು, ಒಳಗೆ ಕರೆದು ಕೇಳಬಹುದಿತ್ತು... ಆದರೆ ಅಷ್ಟರಲ್ಲಿ ಜನ ಹೊರಟು ರಸ್ತೆಯಲ್ಲಿ ಯಾರ ತಲೆ ಒಡೆಯುತ್ತಿತ್ತೋ.

ಮರುದಿನ ಅಕ್ಕ ನನ್ನನ್ನೂ ಕರೆದುಕೊಂಡು ಗಿರಣಿ ಮನೆಗೆ ಹೋದಳು. ಕೈಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಜಂಪರಿಗೆ ಹಸಿರು ಕಣ. ವೈನಿಗೆ ಉಡಿ ತುಂಬಲು ಹೊರಟಿದ್ದಳು. ಅವರ ಮನೆಯ ಗಂಡಸರು ಕುರ್ಚಿ ಬಿಟ್ಟು ಎದ್ದು ನಿಂತರು. ವೈನಿಗೆ ಕಣ್ಣು ತುಂಬಿ ಬಂತು.

“ನಾ ಸೋತಿದ್ರ ನಿಮ್ಮ ಮನಿಗಿ ಬರ್ತಿದ್ದಿಲ್ಲ ಅಕ್ಕಾ,” ಎಂದರು.

“ಗೊತ್ತದ. ಸೆರಗು ಹಿಡೀರಿ,” ಎಂದಳು ಅಕ್ಕ.

ಆ ವರ್ಷ ನಾಗರ ಪಂಚಮಿಗೆ ಕರೆಯಲು ತಮ್ಮ ಬರಲಿಲ್ಲ. ನಮ್ಮ ಕಡೆ ಹೆಣ್ಣಿಗೆ ಪಂಚಮಿಗಿಂತ ದೊಡ್ಡ ಹಬ್ಬವಿಲ್ಲ. ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದುಕೊಂಡು ಹೋಗಬೇಕು. ಅಕ್ಕ ಮಷೀನನ್ನು ಬಾಗಿಲಿಗೆ ಎಳೆದುಕೊಂಡು ರಸ್ತೆ ಕಾಣುವಂತೆ ಕೂತು ಹೊಲಿದಳು. ಮುಂದಿನ ವರ್ಷವೂ ಹಾಗೆಯೇ. ನಮ್ಮವ್ವ ಉಂಡಿ ಕೊಡಲು ಹೋದರೆ, “ಬೆಳಕು ಛಲೋ ಬರ್ತದ ಇಲ್ಲಿ, ಅದಕ್ಕ ಕುಂತೀನಿ” ಎನ್ನುತ್ತಿದ್ದಳು. ಆ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಯಾರೂ ಅಲ್ಲಗಳೆಯುತ್ತಲೂ ಇರಲಿಲ್ಲ.

ನನಗೆ ರಾಯಚೂರಿನಲ್ಲಿ ನೌಕರಿ ಸಿಕ್ಕಿ ಬಂದ ಮೇಲೆ ಮಾನ್ವಿಗೆ ಹೋಗುವುದು ಕಡಿಮೆಯಾಯಿತು. ಅಕ್ಕ ತೀರಿಕೊಂಡ ಸುದ್ದಿ ಬಂದಾಗ ಹೋದೆ. ಮುತ್ತೈದೆ ಸತ್ತರೆ ತವರಿನ ಸೀರೆ ಬರಬೇಕು. ಬರುತ್ತದೋ ಇಲ್ಲವೋ ಎಂದು ಹೆಂಗಸರು ಪಿಸುಗುಡುತ್ತಿದ್ದರು. ಬಂತು. ತಮ್ಮ ಹಸಿರು ಸೀರೆಯನ್ನು ಎದೆಗೆ ಅವಚಿಕೊಂಡು ಬಂದ, ತಲೆಯೆಲ್ಲ ನೆರೆತಿತ್ತು. ಸೀರೆ ಹೊದಿಸಿ, ಅಕ್ಕನ ಪಾದ ಹಿಡಿದು ಬಹಳ ಹೊತ್ತು ಕೂತ. ಎದ್ದವನು ನನ್ನನ್ನು ಗುರುತು ಹಿಡಿದು ಪಕ್ಕಕ್ಕೆ ಬಂದ.

“ಅವತ್ತು ಕಿಟಕಿ ಮುಚ್ಚಿತ್ತವ್ವಾ,” ಎಂದ. “ನನಗೇನೂ ಕಂಡಿದ್ದಿಲ್ಲ.”

ಯಾರಿಗೆ ಹೇಳಬೇಕಿತ್ತೋ ಆಕೆ ಅಲ್ಲೇ ಮಲಗಿದ್ದಳು. ನಾನು ಅವನ ಭುಜ ಹಿಡಿದು ಅತ್ತೆ.

ಈಗ ಮತ್ತೆ ಚುನಾವಣೆ. ಮೊನ್ನೆ ಸಂಜೆ ಅಭ್ಯರ್ಥಿಯೊಬ್ಬರು ಕೈ ಮುಗಿದುಕೊಂಡು ನಮ್ಮ ಮನೆಗೂ ಬಂದಿದ್ದರು. ನೀರು ಕೊಡುತ್ತೇವೆ, ರಸ್ತೆ ಮಾಡುತ್ತೇವೆ ಎಂದೆಲ್ಲ ಹೇಳಿದರು. ಸೋತರೆ ಒಪ್ಪಿಕೊಳ್ಳುತ್ತೀರಾ ಎಂದು ಕೇಳಿದೆ. ಜೊತೆಗಿದ್ದವರು ನನ್ನನ್ನು ವಿಚಿತ್ರವಾಗಿ ನೋಡಿದರು. ಅಭ್ಯರ್ಥಿ ನಕ್ಕು, “ಸೋಲೋ ಮಾತ್ಯಾಕ ಬಿಡ್ರಿ ಮೇಡಂ, ಶುಭ ನುಡೀರಿ” ಎನ್ನುತ್ತ ಮುಂದಿನ ಮನೆಗೆ ನಡೆದರು. ಅಕ್ಕನಾಗಿದ್ದರೆ ಅವರನ್ನು ಮೆಟ್ಟಿಲಿಳಿಯಲು ಬಿಡುತ್ತಿರಲಿಲ್ಲ. ನನಗೆ ಅಷ್ಟು ಬಾಯಿಲ್ಲ. ಮಾನ್ವಿಗೆ ಫೋನ್ ಮಾಡಿ ಅಕ್ಕನಿಗೆ ಇದನ್ನು ಹೇಳಿ ನಗೋಣವೆಂದರೆ, ಆ ನಂಬರು ಎತ್ತುವವರಿಲ್ಲ.