ಹಗ್ಗದ ಮೇಲಿನ ಒಂಬತ್ತು ಬಟ್ಟೆ

ಅವರ ಎಡ ಹೆಗಲು ಬಲಕ್ಕಿಂತ ಎರಡು ಬೆರಳು ಕೆಳಗಿತ್ತು. ಕೂಸುಗಳನ್ನು ತೂಗುವ ತಕ್ಕಡಿ, ಜೋಳಿಗೆ, ದಪ್ಪ ಪುಸ್ತಕಗಳ ಚೀಲ ವರ್ಷಗಟ್ಟಲೆ ಅದೇ ಹೆಗಲಿಗೆ ಜೋತುಬಿದ್ದಿದ್ದವು. ಆಶಾ ಕಾರ್ಯಕರ್ತೆ, ಹಾಗಾಗಿ ಹಿಲ್ಲೂರಿಗೆಲ್ಲ ಆಶಾ ಅಕ್ಕ.

ಬಾಣಂತಿಯಿರುವ ಮನೆಗೆ ಬಂದರೆ ಮೊದಲು ಹಿತ್ತಲಿಗೆ. ಹಗ್ಗದ ಮೇಲೆ ಕೂಸಿನ ಉಚ್ಚೆಬಟ್ಟೆ ಎಷ್ಟಿವೆಯೆಂದು ಎಣಿಸಿಯೇ ಒಳಗೆ ಬರುತ್ತಿದ್ದರು. ಕಡಿಮೆ ಕಂಡರೆ ಕೂಸಿಗೆ ಹಾಲು ಸಾಲುತ್ತಿಲ್ಲ, ತಾಯಿ ಇನ್ನೇನು ಎದೆ ಬಿಡಿಸುತ್ತಾಳೆ ಎಂಬುದು ಅವರ ತರ್ಕ. ಆ ಮನೆಗೆ ಮರುದಿನದಿಂದ ದಿನವೂ ಹಾಜರು.

ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ಕಾರವಾರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದವಳು ನಾನು, ಸುಮ್ಮನಿರುತ್ತೇನೆಯೇ?

"ಅಕ್ಕಾ, ಮಳೆಗಾಲದಲ್ಲಿ ನಿನ್ನೆಯ ಬಟ್ಟೆಯೂ ಹಗ್ಗದ ಮೇಲೇ ಇರ್ತದೆ. ನಿಮ್ಮ ಎಣಿಕೆ ಹೇಗೆ ನಂಬೂದು?"

"ಅದಕ್ಕೇ ಮುಟ್ಟಿ ನೋಡ್ತೆ, ಇವತ್ತು ಹಿಂಡಿದ ಹಸಿ ಇದ್ದದ್ದೇ ಎಣಿಸ್ತೆ. ಕೇಳಿದ್ರೆ ನೀವೆಲ್ಲ ಹಾಲು ಸಾಕು ಅಂತೀರಿ. ಬಟ್ಟೆಗೆ ಮರ್ಯಾದೆ ಹೋಗೂ ಭಯ ಇಲ್ಲ, ತಂಗಿ."

"ಅಂತೂ ಇವಳ ಬಾಯಿ ಮುಚ್ಚಿಸೋರು ಸಿಕ್ಕರು!" ಅಮ್ಮ ಒಳಗಿನಿಂದಲೇ ನಕ್ಕಳು.

ಮೂರನೇ ವಾರ ಮೊಲೆತೊಟ್ಟು ಸೀಳಿ ರಕ್ತ ಬಂತು. ಕೂಸು ಬಾಯಿ ಹಾಕಿದರೆ ಹಲ್ಲು ಕಚ್ಚಿ ಗೋಡೆಗೆ ತಲೆ ಒತ್ತುತ್ತಿದ್ದೆ. ಎರಡೇ ನಿಮಿಷಕ್ಕೆ ಬಿಡಿಸಿಬಿಡುತ್ತಿದ್ದೆ. ಅತ್ತು ಅತ್ತು ಅದು ನಿದ್ದೆ ಹೋಗುತ್ತಿತ್ತು. "ಎಂಥ ಸಾಧು ಕೂಸೇ, ಗಲಾಟೆನೇ ಇಲ್ಲ" ಎಂದು ಅಮ್ಮ ಹಿಗ್ಗುತ್ತಿದ್ದಳು. ಇಷ್ಟು ಓದಿದವಳಿಗೆ ಹಾಲೂಡಿಸಲು ಬರುವುದಿಲ್ಲವೆಂದು ಯಾರ ಹತ್ತಿರ ಹೇಳಲಿ?

ಆಶಾ ಅಕ್ಕ ಬರುವ ದಿನ ಹಗ್ಗದ ಮೇಲಿದ್ದದ್ದು ಎರಡೇ ಬಟ್ಟೆ. ಕಪಾಟಿನಿಂದ ಏಳು ಒಗೆದ ಬಟ್ಟೆ ತೆಗೆದು, ನೀರಲ್ಲಿ ಅದ್ದಿ, ಹಿಂಡಿ ಹರವಿದೆ. ಅವರು ಒಂದೊಂದನ್ನೂ ಮುಟ್ಟಿ ಒಂಬತ್ತು ಎಣಿಸಿದರು. ಕೂಸು ಮಲಗಿದೆ, ತೂಕಕ್ಕೆ ಎಬ್ಬಿಸಬೇಡಿ ಎಂದೆ. ಒಪ್ಪಿದರು. ನನ್ನ ಗಲ್ಲ ಸವರಿ ಮುಂದಿನ ಮನೆಗೆ ನಡೆದರು.

ಮೂರನೇ ದಿನ ಅಲ್ಲಾಡಿಸಿದರೂ ಕೂಸು ಕಣ್ಣು ತೆರೆಯಲಿಲ್ಲ. ನಾಲಿಗೆ ಒಣಗಿತ್ತು. ಅಕ್ಕನಿಗೆ ಫೋನ್ ಮಾಡಿದೆ, ಚಪ್ಪಲಿಯೂ ಇಲ್ಲದೆ ಓಡಿಬಂದರು. ಅಂಕೋಲೆಯ ಆಸ್ಪತ್ರೆಯವರೆಗೂ ರಿಕ್ಷಾದಲ್ಲಿ ಅದರ ಅಂಗಾಲು ತಟ್ಟುತ್ತ, "ಏಳೇ ಪುಟ್ಟೀ, ಏಳೇ" ಎನ್ನುತ್ತಿದ್ದರು. ನಡುವೆ ನನ್ನತ್ತ ತಿರುಗಿದರು. "ಎಣಿಸೂದು ನಂಗೇ ತಪ್ಪಿತು, ತಂಗಿ. ಆ ದಿನ ತೂಕ ಮಾಡ್ಬೇಕಿತ್ತು."

ನಾನು ರಿಕ್ಷಾದವನಿಗೆ ಬೇಗ ಹೋಗೆಂದೆ.

ಮಗಳು ಉಳಿದಳು. ಆಸ್ಪತ್ರೆಯಿಂದ ಬಂದ ಮೇಲೆ ದಿನವೂ ಬಂದು, ಕೂಸನ್ನು ಹೇಗೆ ಹಿಡಿದರೆ ನೋಯುವುದಿಲ್ಲವೆಂದು ನನ್ನ ಮೊಣಕೈ ತಿರುಗಿಸಿ ತಿರುಗಿಸಿ ಕಲಿಸಿದವರೂ ಅವರೇ. ಆದರೆ ಹಿತ್ತಲಿಗೆ ಹೋಗುವುದನ್ನು ಬಿಟ್ಟರು, ಯಾರ ಮನೆಯಲ್ಲೂ. ಕೂಸು ಪೂರ್ತಿ ಕುಡಿದು ಮುಗಿಸುವ ತನಕ ಎದುರಿಗೇ ಕೂರುತ್ತಿದ್ದರು. ದಿನಕ್ಕೆ ಎಂಟು ಮನೆ ನೋಡುತ್ತಿದ್ದವರಿಗೆ ನಾಲ್ಕೂ ಮುಗಿಯುತ್ತಿರಲಿಲ್ಲ.

ಕಳೆದ ವರ್ಷ ಅವರು ಹಾಸಿಗೆ ಹಿಡಿದಾಗ, ಎಲ್ಲ ಹೇಳಿಬಿಡಬೇಕೆಂದೇ ಮಗಳನ್ನು ಕರೆದುಕೊಂಡು ಹೋದೆ. ಅವಳ ತಲೆ ಸವರಿ, ನನ್ನ ಕೈ ಹಿಡಿದುಕೊಂಡರು. "ನನ್ನಿಂದ ಇವಳ ಜೀವ ಹೋಗ್ತಿತ್ತಲ್ಲೇ, ತಂಗಿ."

"ಅದೆಲ್ಲ ಬಿಡಿ, ಅಕ್ಕಾ" ಎಂದೆ. ಕ್ಷಮಿಸುವವಳ ಹಾಗೆ.

ನಾಲ್ಕನೇ ದಿನ ಹೋಗಿಬಿಟ್ಟರು.